ಇದ್ದರೆ ಇರಲಿ, ಇಲ್ಲದಿದ್ದರೆ ಬಿಡು

ಬೆಳಿಗ್ಗೆ ಆಫೀಸಿಗೆ ಹೋಗಿ ಕೂತೊಡನೆ ನನ್ನ ಕಣ್ಣಿಗೆ ಬೀಳುವ ಮೊದಲ ಸಾಲು ಒಂದು ಪ್ರಶ್ನೆ. ಕಂಪ್ಯೂಟರು ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆ. ಸುತ್ತಲಿನ ಪರಿಸರಕ್ಕೆ ಬುದ್ಧಿ ನೆಟ್ಟಗಿದೆಯೇ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಕೇಳಿ, ಕಣ್ಣು ಮಿಟುಕಿಸುವುದರೊಳಗೆ ಹೌದು ಎಂದು ತಾನೇ ಬರೆದುಕೊಳ್ಳುತ್ತದೆ. ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ, ಯಾರದೋ ಬೆನ್ನಿನ ಚೀಲವನ್ನು ದಾರಿಯುದ್ದಕ್ಕೂ ಎದೆಗೆ ಅಪ್ಪಿಕೊಂಡು ಬಂದ ನನಗೆ, ಈ ಹೌದು ಎಂಬ ಉತ್ತರವನ್ನು ಮೊದಲ ಸಲ ನೋಡಿದಾಗ ನಿಜಕ್ಕೂ ಆಘಾತವಾಗಿತ್ತು. ಹೈದರಾಬಾದಿನ ರಸ್ತೆಯನ್ನು ಬೆಳಗಿನ ಹೊತ್ತು ಒಮ್ಮೆ ದಾಟಿದವರು ಯಾರೂ ಅಷ್ಟು ಸಲೀಸಾಗಿ ಹೌದು ಎನ್ನಲಾರರು.

ಆಘಾತಕ್ಕೊಳಗಾಗುವುದು ನನಗೆ ಸ್ವಲ್ಪ ಸುಲಭ ಎಂದು ನಮ್ಮ ಮನೆಯವಳು ಗಿರಿಜಾ ಹೇಳುತ್ತಾಳೆ. ಹಾಲಿನ ಪ್ಯಾಕೆಟ್ಟು ಒಡೆದರೂ ನನ್ನ ಮುಖ ಊರು ಮುಳುಗಿದವನಂತೆ ಆಗುತ್ತದಂತೆ. ಇರಬಹುದು. ಆದರೆ ನಾನಿಲ್ಲಿ ಹೇಳಹೊರಟಿರುವ ಸಂಗತಿಯನ್ನು ಕೇಳಿದರೆ, ಹಾಲಿನ ಪ್ಯಾಕೆಟ್ಟಿಗೆ ಬೆಚ್ಚದವರೂ ಒಂದು ಗಳಿಗೆ ಬೆಚ್ಚುತ್ತಾರೆ ಎಂಬ ನಂಬಿಕೆ ನನಗಿದೆ. ಅದಕ್ಕೆ ಮೊದಲು ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕು. ನೆಂಟರ ಮನೆಗಳಲ್ಲಿ ಈ ಮಾತು ಶುರುವಾದ ಕೂಡಲೇ ಜನ ಚಹಾದ ಕಪ್ಪು ಹಿಡಿದು ಬಾಲ್ಕನಿಗೆ ಹೋಗುತ್ತಾರೆ. ನೀವು ಕೂತಿರುತ್ತೀರಿ ಎಂದುಕೊಳ್ಳುತ್ತೇನೆ.

ಮನುಷ್ಯರು ಬರೆದ ಪ್ರೋಗ್ರಾಮು ಬರೆದ ಹಾಗೆಯೇ ಓಡುವುದಿಲ್ಲ. ಅದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು, ಬಿಡಿಭಾಗಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಬೇಕು. ನಮ್ಮಲ್ಲಿ ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಕಟ್ಟುವ ಮೊದಲು ಸ್ಕ್ರಿಪ್ಟು ಎಂಬ ಒಂದು ಸಣ್ಣ ಆಜ್ಞೆಗಳ ಪಟ್ಟಿ ಹೊಸ ಕಂಪ್ಯೂಟರಿನೊಳಗೆ ಹೊಕ್ಕು, ಅಲ್ಲಿ ಏನಿದೆ ಏನಿಲ್ಲ ಎಂದು ತಡಕಾಡಿ ಬರುತ್ತದೆ. ಹೊಸ ಸೊಸೆ ಅತ್ತೆಯ ಮನೆಯ ಅಡುಗೆಮನೆಗೆ ಮೊದಲ ಸಲ ಹೋಗಿ ಡಬ್ಬಿಗಳನ್ನು ತೆಗೆತೆಗೆದು ನೋಡುತ್ತಾಳಲ್ಲ, ಹಾಗೆ. ಒಂದು ವ್ಯತ್ಯಾಸವೆಂದರೆ ಸ್ಕ್ರಿಪ್ಟು ಡಬ್ಬಿಯ ಮೇಲಿನ ಹೆಸರನ್ನು ನಂಬುವುದಿಲ್ಲ. ಉಪ್ಪು ಇದೆಯೇ ಎಂದು ತಿಳಿಯಬೇಕಾದರೆ ಅದು ಒಂದೇ ಒಂದು ಚಮಚ ಸಾರು ಮಾಡಿ, ಕುದಿಸಿ, ರುಚಿ ನೋಡಿ, ಮಿಕ್ಕದ್ದನ್ನು ಚೆಲ್ಲಿ, ಆಮೇಲೆ ‘ಉಪ್ಪು ಇದೆ’ ಎಂದು ಬರೆಯುತ್ತದೆ. ಮೆಣಸಿಗೆ ಇನ್ನೊಂದು ಚಮಚ ಸಾರು. ಹುಣಸೆಗೆ ಮತ್ತೊಂದು. ಹೀಗೆ ನೂರಾರು ಸಣ್ಣ ಸಾರುಗಳನ್ನು ಅದು ಮಾಡಿ ಚೆಲ್ಲುವುದನ್ನು ಪರದೆಯ ಮೇಲೆ ನೋಡುತ್ತ ಕೂರುವುದೇ ನನಗೆ ಸಂಬಳ ಕೊಡುವ ಉದ್ಯೋಗ.

ಯಾವುದಾದರೂ ಒಂದು ಸಾಮಾನು ಸಿಗದಿದ್ದರೆ ಏನು ಮಾಡಬೇಕು? ಇದಕ್ಕೆ ನಮ್ಮ ಕಸುಬಿನಲ್ಲಿ ಮೂರು ದಾರಿ. ಮೊದಲನೆಯದು ‘ಬೇಕೇ ಬೇಕು’. ಸಿಗದಿದ್ದರೆ ಕೆಲಸ ನಿಲ್ಲಿಸಿ ಕೂಗಾಡು. ಎರಡನೆಯದು ‘ಬೇಡವೇ ಬೇಡ’. ಇದ್ದರೂ ಮುಟ್ಟಬೇಡ. ಮೂರನೆಯದು ‘ಇದ್ದರೆ ಇರಲಿ, ಇಲ್ಲದಿದ್ದರೆ ಬಿಡು’. ಸಿಕ್ಕರೆ ಬಳಸಿಕೋ, ಸಿಗದಿದ್ದರೆ ಇಲ್ಲ ಎಂದು ಒಂದು ಸಾಲು ಬರೆದು ಸುಮ್ಮನೆ ಮುಂದೆ ಹೋಗು. ಜಗತ್ತಿನ ಹೆಚ್ಚು ಪಾಲು ಪ್ರೋಗ್ರಾಮುಗಳು ಈ ಮೂರನೆಯ ದಾರಿಯಲ್ಲೇ ನಡೆಯುತ್ತವೆ. ಅದು ಸೌಜನ್ಯದ ದಾರಿ. ಯಾರಿಗೂ ತೊಂದರೆ ಕೊಡುವುದಿಲ್ಲ, ಯಾವ ಕೆಲಸವೂ ನಿಲ್ಲುವುದಿಲ್ಲ. ಬೀದರ್, ಕಲಬುರಗಿ ಕಡೆಯಿಂದ ಅಜ್ಜನ ಕಾಲದಲ್ಲೇ ಈ ಊರಿಗೆ ಬಂದು ಬೇರು ಬಿಟ್ಟ ನಮ್ಮಂಥ ಮನೆಯವರಿಗೆ ಈ ದಾರಿ ರಕ್ತದಲ್ಲೇ ಇದೆ. ಆಟೋದವನ ಎದುರು ನಿಂತಾಗ ಮೊದಲು ತೆಲುಗು ಎಸೆದು ನೋಡುತ್ತೇವೆ, ಒಪ್ಪದಿದ್ದರೆ ಹಿಂದಿ, ಅದು ದಖ್ಖನಿ ಹಿಂದಿಯಾಗಿದ್ದರೆ ಇನ್ನೂ ಒಳ್ಳೆಯದು. ಕನ್ನಡ ಸಿಕ್ಕರೆ ಹಬ್ಬ, ಸಿಗದಿದ್ದರೆ ಬಿಟ್ಟೆವು. ಇದನ್ನು ನಾವು ಯೋಚಿಸಿ ಮಾಡುವುದೂ ಇಲ್ಲ.

ಈ ದಾರಿಯಲ್ಲಿ ಏನೋ ಎಡವಟ್ಟಿದೆ ಎಂದು ನನಗೆ ಮೊದಲು ತಿಳಿಸಿದವರು ಬೀದರಿನ ಒಬ್ಬ ನಿವೃತ್ತ ಮಾಸ್ತರರು.

ನಮ್ಮ ಆಫೀಸು ಒಂದು ವಿಮಾ ಕಂಪನಿಗೆ ಕೆಲಸ ಮಾಡಿಕೊಡುತ್ತದೆ. ಗ್ರಾಹಕರಿಗೆ ಅವರವರ ಭಾಷೆಯಲ್ಲಿ ಕಾಗದ ಅಚ್ಚು ಮಾಡಿ ಕಳಿಸುವ ಪ್ರೋಗ್ರಾಮು ನಮ್ಮದು. ಒಂದು ಮಧ್ಯಾಹ್ನ ಆ ಮಾಸ್ತರರ ಫೋನು ಎಲ್ಲೆಲ್ಲೋ ಸುತ್ತಿ, ಕನ್ನಡ ಬಲ್ಲವನು ಆಫೀಸಿನಲ್ಲಿ ನಾನೊಬ್ಬನೇ ಆದ್ದರಿಂದ, ನನ್ನ ಮೇಜಿಗೆ ಬಂತು. ಅವರು ಸಿಟ್ಟಿನಲ್ಲಿರಲಿಲ್ಲ. ತಪ್ಪು ಮಾಡಿದ ವಿದ್ಯಾರ್ಥಿಯನ್ನು ಹತ್ತಿರ ಕರೆದು ಮಾತಾಡಿಸುವ ದನಿ ಅದು.

“ನಿಮ್ಮ ಕಾಗದದಾಗ ನನ್ನ ಹೆಂಡ್ತಿ ಹೆಸರು ಲಕ್‌ಷ್‌ಮಿ ಅಂತ ಬಂದೈತ್ರಿ. ನಿಮ್ಮ ಕಂಪನಿಗೆ ಒಂದು ಒತ್ತಕ್ಷರ ಕೊಡಾಕೂ ಕಷ್ಟ ಆತೇನು?” ಎಂದು ಕೇಳಿದರು.

ನಾನು ಆ ಕಾಗದದ ಪ್ರತಿ ತರಿಸಿ ನೋಡಿದೆ. ಕಾಗದದ ತುಂಬ ಒತ್ತಕ್ಷರಗಳೆಲ್ಲ ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಬಂದು ನಿಂತಿದ್ದವು. ಅಮ್ಮ ಅಮ್‌ಮ ಆಗಿದ್ದಳು. ಅಕ್ಕ ಅಕ್‌ಕ ಆಗಿದ್ದಳು. ಭೂಕಂಪವಾದಾಗ ಮಹಡಿಯ ಜನ ಬೀದಿಗೆ ಓಡಿಬಂದು ನಿಲ್ಲುವಂತೆ ಅಕ್ಷರಗಳು ಸಾಲಾಗಿ ನಿಂತಿದ್ದವು. ನಮ್ಮ ತಂಡದಲ್ಲಿ ಖಮ್ಮಂ ಕಡೆಯ ಸ್ವಪ್ನಾ ಎಂಬ ಹುಡುಗಿಯಿದ್ದಾಳೆ. ಅವಳು ಹಳೆಯ ದಾಖಲೆಗಳನ್ನು ಹುಡುಕಿ, ಕೊನೆಗೆ ನೂರಾರು ‘ಹೌದು’ಗಳ ನಡುವೆ ಅಡಗಿ ಕೂತಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಭಾರತೀಯ ಅಕ್ಷರಗಳನ್ನು ಕೂಡಿಸುವ ಸಾಮಗ್ರಿ ಇದೆಯೇ? ಇಲ್ಲ. ಅಷ್ಟೇ. ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ಕಂಪ್ಯೂಟರು ಬದಲಾಗಿತ್ತು. ಹೊಸದರಲ್ಲಿ ಆ ಸಾಮಗ್ರಿಯನ್ನು ಹಾಕುವುದು ಯಾರಿಗೂ ನೆನಪಾಗಿರಲಿಲ್ಲ. ಸ್ಕ್ರಿಪ್ಟು ಹುಡುಕಿತು, ಸಿಗಲಿಲ್ಲ, ಸೌಜನ್ಯದಿಂದ ಮುಂದೆ ಹೋಯಿತು. ಕಡೆಯಲ್ಲಿ ‘ಎಲ್ಲವೂ ಸರಿಯಾಗಿ ಮುಗಿಯಿತು’ ಎಂದು ಬರೆದು ಕೈಮುಗಿಯಿತು.

ನನ್ನನ್ನು ಹೆಚ್ಚು ಕಂಗೆಡಿಸಿದ್ದು ಒತ್ತಕ್ಷರ ಬಿದ್ದದ್ದಲ್ಲ, ಇಷ್ಟು ತಿಂಗಳೂ ಯಾರೂ ಕೇಳದಿದ್ದದ್ದು. ಹುಬ್ಬಳ್ಳಿ, ಹಾಸನ, ರಾಯಚೂರುಗಳಲ್ಲಿ ಅದೆಷ್ಟು ಜನ ಆ ಕಾಗದ ಬಿಚ್ಚಿ, ಅಮ್‌ಮ ಎಂದು ಓದಿ, ಮನಸ್ಸಿನಲ್ಲೇ ಒತ್ತು ಕೊಟ್ಟುಕೊಂಡು, ಮಡಿಸಿಟ್ಟರೋ. ಯಂತ್ರ ಬಿಟ್ಟ ಕೆಲಸವನ್ನು ಓದುಗರು ತಮಗೆ ಅರಿವಿಲ್ಲದೆಯೇ ತುಂಬಿಕೊಟ್ಟಿದ್ದರು. ಎಲ್ಲರೂ ಹೀಗೆ ಹೊಂದಿಕೊಂಡರೆ ಕೊರತೆ ಇದೆ ಎಂಬುದು ತಿಳಿಯುವುದಾದರೂ ಹೇಗೆ? ಅಂದೇ ನಾನೂ ಸ್ವಪ್ನಾಳೂ ಕೂತು, ಬಿಟ್ಟುಹೋದ ಸಾಮಗ್ರಿಯನ್ನು ಹಾಕಿ, ಆ ಸಾಲಿನ ಪಕ್ಕದಲ್ಲಿ ‘ಬೇಕೇ ಬೇಕು’ ಎಂದು ಬರೆದೆವು. ಇನ್ನು ಮುಂದೆ ಅದು ಸಿಗದಿದ್ದರೆ ಕೆಲಸ ನಿಲ್ಲಬೇಕು, ಕಿರುಚಬೇಕು, ನಮ್ಮ ಊಟ ತಪ್ಪಬೇಕು. ಮಾಸ್ತರರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಅವರು ಮುಂದಿನ ಕಾಗದ ನೋಡಿಯೇ ಅಂಕ ಕೊಡುವುದಾಗಿ ಹೇಳಿದರು.

ಅದೇ ವಾರ ಇನ್ನೊಂದು ಆಘಾತ ಕಾದಿತ್ತು. ಅದಕ್ಕೆ ಹೋಲಿಸಿದರೆ ಒತ್ತಕ್ಷರದ್ದು ಏನೂ ಅಲ್ಲ.

ಗಿರಿಜಾ ನಾರಾಯಣಗೂಡದ ಒಂದು ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಮಗಳು ವಾರಂಗಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹಾಗಾಗಿ ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನಲ್ಲಿ ನಾವಿಬ್ಬರೇ. ಆ ದಿನ ನಾನು ಎಂದಿಗಿಂತ ಬೇಗ, ಮುಸ್ಸಂಜೆಗೇ ಮನೆಗೆ ಬಂದೆ. ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಗ್ಯಾಸಿನ ವಾಸನೆ. ಸುಳಿದು ಹೋಗುವ ವಾಸನೆಯಲ್ಲ, ಮುಖಕ್ಕೆ ಒದ್ದೆ ಬಟ್ಟೆ ಒತ್ತಿದಂಥ ವಾಸನೆ. ಗಿರಿಜಾ ಅಡುಗೆಮನೆಯ ಪಕ್ಕದ ಊಟದ ಮೇಜಿನ ಹತ್ತಿರ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ನನ್ನನ್ನು ನೋಡಿ, ಕತ್ತಲಾಗುತ್ತಿದೆ ಎಂದು ಗಮನಕ್ಕೆ ಬಂದು, ನಗುತ್ತ ಎದ್ದು ದೀಪದ ಸ್ವಿಚ್ಚಿನ ಕಡೆ ಕೈ ಚಾಚಿದಳು.

“ಮುಟ್ಟಬ್ಯಾಡ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳ ಕೈ ಅಲ್ಲೇ ನಿಂತಿತು.

ನಾನು ಚೀಲ ಬಿಸಾಡಿ ಒಳಗೆ ಓಡಿದೆ. ಒಲೆಯ ಮೇಲೆ ಹಾಲು ಉಕ್ಕಿ ಉರಿಯನ್ನು ನಂದಿಸಿತ್ತು. ಗ್ಯಾಸು ಮಾತ್ರ ತನ್ನ ಪಾಡಿಗೆ ಬರುತ್ತಲೇ ಇತ್ತು. ಒಲೆ ಮುಚ್ಚಿ, ಸಿಲಿಂಡರಿನ ರೆಗ್ಯುಲೇಟರು ತಿರುಗಿಸಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಅವಳ ತೋಳು ಹಿಡಿದು ಮೆಟ್ಟಿಲಿನ ಹತ್ತಿರ ಕರೆತಂದು ಕೂರಿಸಿದೆ. ಅವಳು ಮಾತ್ರ, ಕೈಯಲ್ಲಿನ್ನೂ ಕೆಂಪು ಪೆನ್ನು ಹಿಡಿದವಳು, ಅರ್ಥವಾಗದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಏನಾಯಿತು ಎಂದು ಕೇಳಿದಳು. ಆ ಪ್ರಶ್ನೆ ಕೇಳಿದಾಗ ಗ್ಯಾಸಿಗಿಂತ ಹೆಚ್ಚು ಹೆದರಿಕೆಯಾಯಿತು.

“ನಿನಗ ವಾಸನಿ ಬರಲಿಲ್ಲೇನು?”

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಕೆಳಗಿನ ಮಹಡಿಯಲ್ಲಿ ಯಾರೋ ಕುಕ್ಕರು ಕೂಗಿಸುತ್ತಿದ್ದರು.

“ನನಗ ಯಾವ ವಾಸನಿನೂ ಬರೂದಿಲ್ಲರಿ. ಆ ದೊಡ್ಡ ಜ್ವರ ಬಂತಲ್ಲ, ಆವಾಗಿಂದ.”

ದೊಡ್ಡ ಜ್ವರವೆಂದರೆ ಇಡೀ ಲೋಕವೇ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲದ್ದು. ಆಗ ನನಗೂ ಬಂದಿತ್ತು, ವಾಸನೆ ಹೋಗಿತ್ತು, ಹತ್ತಿಪ್ಪತ್ತು ದಿನಕ್ಕೆ ಮರಳಿತ್ತು. ಮರಳಿದ ದಿನ ನಾನು ಮನೆಯೆಲ್ಲ ಸುತ್ತಿ ಸೋಪು, ಇಂಗು, ಚಪ್ಪಲಿ ಎಲ್ಲವನ್ನೂ ಮೂಸಿ ಸಂಭ್ರಮಪಟ್ಟಿದ್ದೆ. ನಿನಗೂ ಬಂತೇ ಎಂದು ಅವಳನ್ನು ಕೇಳಿದ್ದೆ. ಬರುತ್ತಿದೆ ಎಂದಿದ್ದಳು. ನಾಳೆ ನಾಡಿದ್ದು ಬರುತ್ತದೆ ಎಂಬ ನಂಬಿಕೆಯಲ್ಲಿ ಹಾಗೆ ಹೇಳಿದ್ದಳಂತೆ. ಬರಲಿಲ್ಲ. ತಿಂಗಳುಗಳು ಹೋದವು, ವರ್ಷಗಳು ಹೋದವು. ಮೊದಲ ದಿನ ಹೇಳದ ಮಾತನ್ನು ಮುನ್ನೂರನೆಯ ದಿನ ಹೇಳುವುದು ಎಷ್ಟು ಕಷ್ಟವೆಂದು ಅವಳು ಮೆಟ್ಟಿಲ ಮೇಲೆ ಕೂತು ವಿವರಿಸಿದಳು. ನನಗೆ ಅರ್ಥವಾಯಿತು. ಆದರೂ ಒಂದೇ ಮನೆಯಲ್ಲಿ, ಒಂದೇ ಮೇಜಿನ ಎದುರು ಊಟ ಮಾಡುತ್ತ ಬಂದವನಿಗೆ ಇದು ತಿಳಿಯದೇ ಹೋದದ್ದು ಹೇಗೆ ಎಂಬುದು ಮಾತ್ರ ಹೊಳೆಯಲಿಲ್ಲ.

ಹೇಗೆ ಎಂಬುದು ಆ ರಾತ್ರಿ ಊಟಕ್ಕೆ ಕೂತಾಗಲೇ ಹೊಳೆಯಿತು.

ಕೆಲವು ವರ್ಷಗಳಿಂದ ಗಿರಿಜಾ ಸಾರಿಗೆ ಒಗ್ಗರಣೆ ಹಾಕಿದ ಕೂಡಲೇ ನನ್ನನ್ನು ಕರೆಯುತ್ತಿದ್ದಳು. ಸ್ವಲ್ಪ ನೋಡ್ರಿ, ಹೆಂಗಾಗೇತಿ ಅಂತ. ನಾನು ಪೇಪರು ಮಡಿಸಿಟ್ಟು, ಗಂಭೀರವಾಗಿ ಹೋಗಿ, ಮೂಗು ಹಿಗ್ಗಿಸಿ, ಇಂಗು ಒಂದು ಚಿಟಿಕೆ ಕಡಿಮೆಯಾಯಿತು ಎಂದು ಅಭಿಪ್ರಾಯ ಕೊಡುತ್ತಿದ್ದೆ. ಹಾಲಿನ ಪಾತ್ರೆಯನ್ನು ನನ್ನ ಮುಂದೆ ಹಿಡಿದು, ಕೆಟ್ಟಿದೆಯೇ ಎಂದು ಕೇಳುತ್ತಿದ್ದಳು. ನಿನ್ನೆಯ ಪಲ್ಯ ಇಂದಿಗೆ ನಡೆಯುತ್ತದೆಯೇ ಎಂದು ಕೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನನ್ನ ಅಭಿಪ್ರಾಯಕ್ಕೆ ಕವಡೆಯ ಬೆಲೆ ಕೊಡದಿದ್ದವಳು ಈಗ ನನ್ನನ್ನು ಕೇಳದೆ ಮುಚ್ಚಳ ತೆಗೆಯುವುದಿಲ್ಲವಲ್ಲ ಎಂದು ನಾನು ಒಳಗೊಳಗೇ ಉಬ್ಬಿದ್ದೆ. ವಯಸ್ಸಾದಂತೆ ಹೆಂಗಸರಿಗೆ ಗಂಡನ ಬೆಲೆ ತಿಳಿಯುತ್ತದೆ ಎಂದು ಒಬ್ಬ ಗೆಳೆಯನಿಗೆ ಉಪದೇಶವನ್ನೂ ಮಾಡಿದ್ದೆ. ಈಗ ತಿಳಿದ ಸಂಗತಿಯೇನೆಂದರೆ, ಅವಳು ನನ್ನ ಅಭಿಪ್ರಾಯವನ್ನು ಕೇಳುತ್ತಿರಲಿಲ್ಲ, ನನ್ನ ಮೂಗನ್ನು ಬಳಸುತ್ತಿದ್ದಳು. ಸಾಮಗ್ರಿ ಸಿಗದಿದ್ದಾಗ ಪ್ರೋಗ್ರಾಮು ಹತ್ತಿರದಲ್ಲಿರುವ ಯಾವುದಾದರೂ ಕೆಳದರ್ಜೆಯ ಬದಲಿಯಿಂದ ಕೆಲಸ ಸಾಗಿಸುತ್ತದೆ. ನಮ್ಮ ಮನೆಯಲ್ಲಿ ಆ ಬದಲಿ ನಾನಾಗಿದ್ದೆ.

ಕೆಳದರ್ಜೆ ಎಂದು ವಿನಯಕ್ಕೆ ಹೇಳಿದ್ದಲ್ಲ. ಶುಕ್ರವಾರ ಅವಳು ಮಲ್ಲಿಗೆ ಮುಡಿದು, ಘಮ್ ಅಂತಾವೇನು ಎಂದು ಕೇಳುತ್ತಿದ್ದಳು. ನಾನು ಮೊಬೈಲಿನಿಂದ ತಲೆಯೆತ್ತದೆ ಭಾಳ ಛಲೋ ಎನ್ನುತ್ತಿದ್ದೆ. ಒಮ್ಮೆಯೂ ಮೂಸಿ ನೋಡಿರಲಿಲ್ಲ. ಒಂದು ಚಮಚ ಸಾರು ಕುದಿಸದೆ ಉಪ್ಪು ಇದೆ ಎಂದು ಬರೆಯದ ನನ್ನ ಸ್ಕ್ರಿಪ್ಟಿಗೆ ಇದು ಗೊತ್ತಾದರೆ ನನ್ನನ್ನು ಅದು ಕೆಲಸದಿಂದ ತೆಗೆದೀತು.

ಯೋಚಿಸಿ ನೋಡಿದರೆ ನಾವು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳೆಲ್ಲ ಹೀಗೇ ಇವೆ. ನಮ್ಮವರು ಎದುರಾದರೆ ಆರಾಮ ಅದೀರಿ ಎನ್ನುತ್ತಾರೆ, ನಾವು ಆರಾಮ್ರಿ ಎನ್ನುತ್ತೇವೆ. ಪಕ್ಕದ ಮನೆಯ ತೆಲುಗಿನವರು ಬಾಗುನ್ನಾರಾ ಎನ್ನುತ್ತಾರೆ, ಬಾಗುನ್ನಾಂ ಎನ್ನುತ್ತೇವೆ. ಹೈದರಾಬಾದಿನ ಹಳೇ ಪೇಟೆಯ ದರ್ಜಿ ಖೈರಿಯತ್ ಕೇಳುತ್ತಾನೆ, ಅದಕ್ಕೂ ಸಿದ್ಧ ಉತ್ತರವಿದೆ. ಮೂರು ಭಾಷೆಯಲ್ಲಿ ವಿಚಾರಿಸಿಕೊಂಡೂ ಯಾರ ಮೊಣಕಾಲು ನೋಯುತ್ತಿದೆ, ಯಾರಿಗೆ ನಿದ್ದೆ ಬರುತ್ತಿಲ್ಲ ಎಂಬುದು ತಿಳಿಯುವುದಿಲ್ಲ. ಉತ್ತರ ನಿಜವಿರಬೇಕೆಂಬ ಒಪ್ಪಂದವೇ ಅಲ್ಲಿಲ್ಲ.

ಇನ್ನೂ ಒಂದು ಆಘಾತ ಬಾಕಿಯಿತ್ತು. ಕಾಲೇಜಿನಲ್ಲಿ ಹೇಗೆ ಎಂದು ಕೇಳಿದೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಮಕ್ಕಳಿಗೆ ಹೆಸರಿಲ್ಲದ ಒಂದು ಲವಣ ಕೊಟ್ಟು, ಯಾವುದೆಂದು ಕಂಡುಹಿಡಿಯಲು ಹೇಳುತ್ತಾರೆ. ಅದರಲ್ಲಿ ಅರ್ಧ ಕೆಲಸ ಮೂಗಿನದು. ವಿನೆಗರಿನ ವಾಸನೆ ಬಂದರೆ ಒಂದು, ಕೊಳೆತ ಮೊಟ್ಟೆಯ ನಾತ ಬಂದರೆ ಇನ್ನೊಂದು, ಕಣ್ಣಲ್ಲಿ ನೀರು ತರಿಸುವ ಘಾಟು ಬಂದರೆ ಮತ್ತೊಂದು. ಗಿರಿಜಾ ತಾನು ಮೂಸುವುದನ್ನು ಬಿಟ್ಟು, ಮಕ್ಕಳನ್ನೇ ಒಬ್ಬೊಬ್ಬರಾಗಿ ಕೇಳುತ್ತಿದ್ದಳಂತೆ. ಯಾವ ವಾಸನೆ, ನೀವೇ ಹೇಳಿ, ಪಕ್ಕದವರು ಒಪ್ಪುತ್ತಾರೋ ನೋಡಿ ಎಂದು. ಮಕ್ಕಳು ವಾದ ಮಾಡುತ್ತ ಮಾಡುತ್ತ ಚೆನ್ನಾಗಿ ಕಲಿತರು. ಉತ್ತರ ಬಾಯಿಗೆ ತುರುಕದೆ ಕಲಿಸುವ ಪದ್ಧತಿ ಎಂದು ಪ್ರಿನ್ಸಿಪಾಲ್ ಮೇಡಂ ಅದನ್ನು ಮೀಟಿಂಗಿನಲ್ಲಿ ಹೊಗಳಿ, ಉಳಿದವರೂ ಹಾಗೇ ಮಾಡಬೇಕೆಂದು ಹೇಳಿದ್ದರಂತೆ. ಇದನ್ನು ಹೇಳುವಾಗ ಗಿರಿಜಾಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿದವು. ಅಡುಗೆಗೆ ಬಳಸುವ ಗ್ಯಾಸಿಗೆ ತನ್ನದೆಂಬ ವಾಸನೆಯಿಲ್ಲ, ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ನಾರುವ ದ್ರವ್ಯ ಬೆರೆಸುತ್ತಾರೆ ಎಂದು ಅವಳೇ ವರ್ಷ ವರ್ಷ ಪಾಠ ಮಾಡುತ್ತಿದ್ದಳು.

“ಮೂಗಿಲ್ಲದಾಕಿ ಕೆಮಿಸ್ಟ್ರಿ ಹೆಂಗ ಕಲಸ್ತಾಳ ಅಂತ ಕೇಳಿದ್ರ ಏನು ಹೇಳ್ಲಿರಿ? ನೌಕರಿ ಅಂತಲ್ಲ. ಆ ಲ್ಯಾಬ್ ಅಂದ್ರ ನನಗ ಜೀವ,” ಎಂದಳು.

ಮರುದಿನ ಇಬ್ಬರೂ ರಜೆ ಹಾಕಿ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಅವರು ಅವಳ ಕಣ್ಣು ಮುಚ್ಚಿಸಿ, ಸಣ್ಣ ಸಣ್ಣ ಶೀಶೆಗಳನ್ನು ಮೂಗಿನ ಹತ್ತಿರ ಹಿಡಿದರು. ಕಾಫಿ. ಇಲ್ಲ. ಯಾಲಕ್ಕಿ. ಇಲ್ಲ. ಕರ್ಪೂರ. ಏನೋ ತಣ್ಣಗಾತು, ವಾಸನಿ ಇಲ್ಲ. ನಾನು ದಿನವೆಲ್ಲ ಪರದೆಯ ಮೇಲೆ ನೋಡುವ ಹೌದು ಇಲ್ಲಗಳು ಇವೇ. ಅಲ್ಲಿ ‘ಇಲ್ಲ’ ಬರೀ ಅಕ್ಷರಗಳ ಸಾಲು. ಇಲ್ಲಿ ಪ್ರತಿ ‘ಇಲ್ಲ’ಕ್ಕೂ ಅವಳು ಸೀರೆಯ ಸೆರಗನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿದ್ದಳು. ಡಾಕ್ಟರು ಒಳ್ಳೆಯವರು. ಇಷ್ಟು ತಡವಾದ ಮೇಲೆ ಬರಲೂಬಹುದು, ಬಾರದೆಯೂ ಇರಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ ಅತ್ತರು ಇಟ್ಟುಕೊಂಡು ದಿನಾ ಬೆಳಿಗ್ಗೆ ಸಂಜೆ ಮೂಸುತ್ತ, ಆ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೇಳಿದರು. ಮೂಗಿಗೂ ಬಾಲಪಾಠ ಬೇಕಂತೆ.

ಅಂದೇ ಅಡುಗೆಮನೆಯ ಗೋಡೆಗೆ ಗ್ಯಾಸು ಸೋರಿದರೆ ಕೂಗುವ ಒಂದು ಪೆಟ್ಟಿಗೆ ಬಂತು. ಅತ್ತರಿಗಾಗಿ ಚಾರ್‌ಮಿನಾರಿನ ಕಡೆ ಹೋದೆವು. ಅತ್ತರಿನ ಮುದುಕ ಅವಳ ಮುಂಗೈಗೆ ಗುಲಾಬಿ ಹಚ್ಚಿ, ಮುಖ ನೋಡುತ್ತ ಕಾದ. ಅವಳು, ‘ನನಗೆ ವಾಸನೆ ಬರುವುದಿಲ್ಲ, ಇವರು ನೋಡುತ್ತಾರೆ’ ಎಂದು ಹಿಂದಿಯಲ್ಲಿ ಹೇಳಿದಳು. ಪರರ ಎದುರು ಆ ಮಾತನ್ನು ಅವಳು ಹೇಳಿದ್ದು ಅದೇ ಮೊದಲು. ಹೇಳಿ ನನ್ನ ಕಡೆ ನೋಡಿದಾಗ ಅವಳ ಭುಜ ಸ್ವಲ್ಪ ಇಳಿದಂತಿತ್ತು, ತಲೆಯ ಮೇಲಿನ ಹೊರೆ ಕಟ್ಟೆಗೆ ಇಳಿಸಿದವಳಂತೆ.

ಆ ಬಾಲಪಾಠದಲ್ಲಿ ನನಗೂ ಒಂದು ಪಾಠವಾಯಿತು. ನಾನು ಶೀಶೆ ಹಿಡಿಯುತ್ತೇನೆ, ಅವಳು ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಾಳೆ. ಹೇಗಿದೆ ಹೇಳ್ರಿ, ನೆನಪು ಮಾಡಿಕೊಳ್ತೀನಿ ಎನ್ನುತ್ತಾಳೆ. ನಾನು ಲವಂಗದ ಹಾಗಿದೆ ಎನ್ನುತ್ತೇನೆ. ಅದು ಅದರ ಹೆಸರು, ವಾಸನೆ ಹೇಳ್ರಿ ಎನ್ನುತ್ತಾಳೆ. ಆಗ ನನ್ನ ಬಾಯಿ ಕಟ್ಟುತ್ತದೆ. ಕನ್ನಡದಲ್ಲಿ ವಾಸನೆಯ ಮಾತುಗಳಿಗೇನೂ ಬಡತನವಿಲ್ಲ. ಕಂಪು ಬೇರೆ, ಘಮ ಬೇರೆ, ಪರಿಮಳ ಬೇರೆ. ಎಣ್ಣೆ ಹಳೆಯದಾದರೆ ಕಮಟು, ಬಟ್ಟೆ ಒಣಗದಿದ್ದರೆ ಮುಗ್ಗಲು, ಮೆಣಸಿನಕಾಯಿ ಹುರಿದರೆ ಘಾಟು. ನಾತಕ್ಕೆ, ಗಬ್ಬಿಗೆ ಹೇಳುವುದೇ ಬೇಡ. ಇಷ್ಟೆಲ್ಲ ಮಾತುಗಳನ್ನು ಹಿರಿಯರು ಮೂಸಿ ಮೂಸಿ ಮಾಡಿಟ್ಟಿದ್ದಾರೆ. ನಾನೋ ಮೂಗಿದ್ದೂ ಅದನ್ನು ಕನ್ನಡಕ ಇಡುವ ಕಟ್ಟೆಯಾಗಿ ಮಾತ್ರ ಬಳಸುತ್ತಿದ್ದೆ. ಕೊನೆಗೊಂದು ದಿನ, ಲವಂಗ ಅಂದರೆ ಹಳೆಯ ಮರದ ಪೆಟ್ಟಿಗೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗೆ ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ, ಹೌದು, ಹಾಗೇ ಇತ್ತು ಎಂದಳು.

ಕೆಲವು ವಾರಗಳಾದ ಮೇಲೆ ಲವಂಗ ಮೂಸಿದಾಗ ಏನೋ ಚುರ್ ಎಂದಿತಂತೆ. ಓಡಿಹೋಗಿ ಡಾಕ್ಟರಿಗೆ ಹೇಳಿದೆವು. ಅದು ವಾಸನೆಯಲ್ಲ, ಉರಿ, ಅದು ಮಿದುಳಿಗೆ ಹೋಗುವ ದಾರಿಯೇ ಬೇರೆ ಎಂದರು. ಇಬ್ಬರ ಮುಖವೂ ಬಾಡಿತು. ಕಾಲೇಜಿನ ಸಂಗತಿ ಮಾತ್ರ ಚೆನ್ನಾಗಿ ಆಯಿತು. ಗಿರಿಜಾ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಪ್ರಾಕ್ಟಿಕಲ್ಲಿನ ಹೊತ್ತು ಇನ್ನೊಬ್ಬ ಲೆಕ್ಚರರು ಜೊತೆಗಿರುವಂತೆ ಏರ್ಪಾಡು ಮಾಡಿದರು. ಮಕ್ಕಳನ್ನೇ ಕೇಳುವ ಪದ್ಧತಿಯನ್ನು ಮಾತ್ರ ಬಿಡಬಾರದು ಎಂದರು.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನನಗೊಂದು ಚಟ. ಆಫೀಸಿನಲ್ಲಿ ಕಲಿತದ್ದನ್ನು ಮನೆಯಲ್ಲಿ ಉಪದೇಶ ಮಾಡದೆ ಇರಲಾರೆ. ಒಂದು ಭಾನುವಾರ ಚಹಾ ಕುಡಿಯುತ್ತ, ಬೀದರಿನ ಮಾಸ್ತರರ ಕತೆ ಹೇಳಿ, ಇಲ್ಲದ್ದನ್ನು ಇಲ್ಲವೆಂದು ಕೂಗಿ ಹೇಳುವುದೇ ಒಳ್ಳೆಯ ವ್ಯವಸ್ಥೆಯ ಲಕ್ಷಣ, ನೀನು ಮೊದಲ ದಿನವೇ ಕೂಗಬೇಕಿತ್ತು ಎಂದು ಸಮಾರೋಪ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕಪ್ಪು ಕೆಳಗಿಟ್ಟಳು.

“ನಿಮಗ ಮಂದಿ ಹೆಸರು ನೆನಪಿರೂದಿಲ್ಲಲ್ಲ, ಅದನ್ನ ಯಾರ ಮುಂದ ಕೂಗಿ ಹೇಳೀರಿ?”

ನನಗೆ ಅರ್ಥವಾಗಲಿಲ್ಲ. ನನ್ನ ನೆನಪಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ನೆಂಟರ ಮದುವೆ ಮುಂಜಿಗಳಲ್ಲಿ ಯಾರೇ ಎದುರಾದರೂ ಹೆಸರು ಹಿಡಿದು ಮಾತಾಡಿಸುವವನೆಂದು ನನಗೆ ಹೆಸರೇ ಇದೆ. ಅದನ್ನೇ ಹೇಳಿದೆ. ಗಿರಿಜಾ ಮೆಲ್ಲಗೆ, ಯಾವ ಸಿಟ್ಟೂ ಇಲ್ಲದೆ, ವಿವರಿಸಿದಳು. ಯಾರಾದರೂ ನಗುತ್ತ ಹತ್ತಿರ ಬಂದಾಗ ಅವಳೇ ಮೊದಲು, ಅಯ್ಯ ಶಾಂತಕ್ಕ ಯಾವಾಗ ಬಂದ್ರಿ, ಸಿದ್ದಣ್ಣ ಕಾಕಾರ ಕಾಲುನೋವು ಹೆಂಗೈತ್ರಿ ಎಂದು ದೊಡ್ಡ ದನಿಯಲ್ಲಿ ಶುರುಮಾಡುತ್ತಾಳಂತೆ. ಮರುಕ್ಷಣ ನಾನು ಅದೇ ಹೆಸರು ಎತ್ತಿಕೊಂಡು ಮಾತಾಡುತ್ತೇನಂತೆ. ಹೆಣ್ಣುಮಕ್ಕಳಿಗೆ ದನಿ ಸ್ವಲ್ಪ ಜೋರು ಎಂದು ನಾನು ಎಷ್ಟೋ ಸಲ ಅವಳನ್ನು ಗದರಿಸಿದ್ದೂ ಉಂಟು. ಒಂದೇ ಒಂದು ಸಲ ಅವಳು ಜೊತೆಗಿಲ್ಲದಾಗ, ಅಬಿಡ್ಸ್‌ನ ಪುಸ್ತಕದಂಗಡಿಯಲ್ಲಿ ನಗುತ್ತ ಎದುರು ಬಂದ ನನ್ನ ಸೋದರಮಾವನ ಮಗನನ್ನು ಅಂಗಡಿಯವನೆಂದು ತಿಳಿದು, ಪುಸ್ತಕ ಅವನ ಕೈಗಿತ್ತು ಬಿಲ್ಲು ಮಾಡಲು ಹೇಳಿದ್ದೆನಂತೆ. ಅವನು ಅದನ್ನು ತಮಾಷೆ ಎಂದುಕೊಂಡ. ನಾನು ಅದನ್ನು ಮರೆತೇಬಿಟ್ಟಿದ್ದೆ.

ಇಷ್ಟು ವರ್ಷ ನನ್ನಲ್ಲಿ ಇದೆ ಎಂದುಕೊಂಡಿದ್ದ ಒಂದು ಇಡೀ ಸಾಮಗ್ರಿ ನನ್ನಲ್ಲಿ ಇರಲೇ ಇಲ್ಲ. ಗಿರಿಜಾಳಿಗಾದರೂ ತನ್ನಲ್ಲಿ ಏನಿಲ್ಲ ಎಂಬುದು ಗೊತ್ತಿತ್ತು. ನನಗೆ ಅದೂ ಗೊತ್ತಿರಲಿಲ್ಲ. ಅವಳು ಇನ್ನೊಂದು ಕಪ್ಪು ಚಹಾ ತಂದಿಟ್ಟು, ಸಮಾಧಾನ ಮಾಡ್ಕೋರಿ, ಇಷ್ಟು ದಿನ ನಡದೈತಲ್ಲ ಎಂದಳು.

ನಡೆದದ್ದೇ ತಪ್ಪು ಎಂದು ನನ್ನ ವೃತ್ತಿಧರ್ಮ ಹೇಳಿತು. ನೀನು ಇನ್ನು ಯಾರ ಹೆಸರನ್ನೂ ಹೇಳಿಕೊಡಬಾರದು, ನೆನಪಾಗದಿದ್ದರೆ ನಾನೇ ಎದುರಿನವರಿಗೆ ಹೇಳುತ್ತೇನೆ ಎಂದು ಹಟ ಹಿಡಿದೆ. ಅವಳು ಒಪ್ಪಿದಳು. ಒಪ್ಪುವಾಗ ಅವಳ ಮುಖದಲ್ಲಿದ್ದ ನಗೆಯನ್ನು ನಾನು ಸರಿಯಾಗಿ ಗಮನಿಸಬೇಕಿತ್ತು.

ಸ್ವಲ್ಪ ದಿನಕ್ಕೆ ನಮ್ಮ ದೂರದ ನೆಂಟರ ಹುಡುಗಿಯ ನಿಶ್ಚಯ ನಾರಾಯಣಗೂಡದ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ನಾವು ಒಳಗೆ ಹೋಗಿ ನಿಲ್ಲುವಷ್ಟರಲ್ಲಿ ಬಿಳಿ ಜುಬ್ಬಾ ತೊಟ್ಟ ಹಿರಿಯರೊಬ್ಬರು ಎರಡೂ ತೋಳು ಚಾಚಿ, ಮುಖವೆಲ್ಲ ನಗುವಾಗಿ, ನೇರ ನನ್ನ ಕಡೆ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಅಭ್ಯಾಸಬಲದಿಂದ ಒಂದು ಕ್ಷಣ ಕಾದೆ. ಗಿರಿಜಾ ಪಕ್ಕದಲ್ಲೇ ನಿಂತು, ಮಾತು ಕೊಟ್ಟಂತೆ, ತುಟಿ ಬಿಗಿದು ಮೇಲಿನ ಫ್ಯಾನು ನೋಡುತ್ತಿದ್ದಳು. ಹಿರಿಯರೂ ಏನೂ ಹೇಳಲಿಲ್ಲ. ಕೈ ಹಿಡಿದುಕೊಂಡೇ ಇದ್ದರು. ಇನ್ನು ತಡೆಯಲಾರದೆ, ಎಲ್ಲ ಧೈರ್ಯ ಕೂಡಿಸಿ, ತಪ್ಪು ತಿಳ್ಕೋಬ್ಯಾಡ್ರಿ, ನಿಮ್ಮ ಹೆಸರು ನನಗ ನೆನಪಿಲ್ಲ ಎಂದುಬಿಟ್ಟೆ.

ಅವರ ಮುಖದ ನಗು ಹೋಗಲಿಲ್ಲ. ದೊಡ್ಡ ನಿಟ್ಟುಸಿರೊಂದು ಬಂತು.

“ನನಗೂ ನಿಮ್ಮ ಹೆಸರು ನೆನಪಿಲ್ರಿ. ಪ್ರತಿ ಸರ್ತಿ ನಿಮ್ಮ ಮನಿಯವ್ರು ಹೇಳ್ತಾರ. ಅವ್ರು ಈಗ ಹೇಳ್ತಾರ, ಆಗ ಹೇಳ್ತಾರ ಅಂತ ಕಾಯಾಕತ್ತಿದ್ದೆ,” ಎಂದರು.

ಇಬ್ಬರೂ ಒಟ್ಟಿಗೆ ಗಿರಿಜಾಳ ಕಡೆ ತಿರುಗಿದೆವು. ಅವಳು ಯಾರ ಪಕ್ಷವನ್ನೂ ವಹಿಸಲಿಲ್ಲ. ಎರಡು ಕುರ್ಚಿ ಎಳೆದು ಪಕ್ಕಪಕ್ಕಕ್ಕೆ ಹಾಕಿ, ಊಟಕ್ಕಿನ್ನೂ ಹೊತ್ತಿದೆ, ಕೂತು ಕೇಳಿಕೊಳ್ಳಿ ಎಂದು ಹೆಂಗಸರ ಕಡೆ ಹೊರಟುಹೋದಳು. ನಾವು ಕೂತೆವು. ಅವರು ತಮ್ಮ ಹೆಸರು, ಊರು, ಯಾರ ಕಡೆಯಿಂದ ಹೇಗೆ ನೆಂಟರು ಎಂಬುದನ್ನೆಲ್ಲ ಹೇಳಿದರು. ನಾನೂ ಹೇಳಿದೆ. ಅವರಿಗೆ ಒಂದು ಕಿವಿ ಅಷ್ಟಾಗಿ ಕೇಳಿಸುವುದಿಲ್ಲ ಎಂದು ತಿಳಿಯಿತು. ಅದಕ್ಕಾಗಿ ಕುರ್ಚಿ ಬದಲಿಸಿ ಇನ್ನೊಂದು ಬದಿಗೆ ಕೂತೆ. ನಾನು ಅವರನ್ನು ಎಷ್ಟೋ ಸಮಾರಂಭಗಳಲ್ಲಿ ಮಾತಾಡಿಸಿರಬೇಕು. ಆದರೆ ಅವರ ಹೆಸರನ್ನು ಅವರ ಬಾಯಿಂದಲೇ ಕೇಳಿದ್ದು ಅಂದೇ ಮೊದಲು. ಊಟಕ್ಕೆ ಕರೆ ಬಂತು. ಎದ್ದು ನಿಲ್ಲುವಾಗ ಅವರು ನನ್ನ ಹೆಗಲ ಮೇಲೆ ಕೈಯೂರಿ, ಎಲೆಯ ಮುಂದೆ ಕೂತ ಮೇಲೆ ಹೆಸರು ಇನ್ನೊಮ್ಮೆ ಹೇಳ್ರಿ, ಅಷ್ಟರೊಳಗ ಮರೀತೀನಿ ಎಂದರು. ಆಗಲಿ, ನೀವೂ ನಿಮ್ಮದನ್ನು ಹೇಳಬೇಕು ಎಂದು ನಾನು ಅವರ ಕೇಳಿಸುವ ಕಿವಿಯ ಕಡೆ ಬಾಗಿ ಹೇಳಿದೆ.